ಮೇಲಿನ ನಾಲ್ಕು ಪಟ್ಟೆ, ಕೆಳಗಿನ ನಾಲ್ಕು ಪಟ್ಟೆ

೪ ಜನವರಿ ೧೯೯೩, ಸೋಮವಾರ, ಪೋನ್

ಇವತ್ತು ಅಪ್ಪ ಹುಲ್ಲಿನ ಹೊಲವನ್ನು ಎರಡು ಪಾಲು ಮಾಡಿದರು. ಇಳಿಜಾರಿನ ಮೇಲಿನ ನಾಲ್ಕು ಪಟ್ಟೆ ನನಗೆ, ಕೆಳಗಿನ ನಾಲ್ಕು ಪಟ್ಟೆ ಅವಳಿಗೆ.

ಅವಳು ಅಂದರೆ ಅಣ್ಣ ಗುನಾರ್ತೊನ ಹೆಂಡತಿ, ವಿನಾರ್ಸಿ. ಕ್ಲಾತೆನ್ ಬಯಲಿನವಳು, ಕೃಷಿ ಹೈಸ್ಕೂಲು ಓದಿದವಳು. ಮದುವೆಯಾಗಿ ಈ ಬೆಟ್ಟಕ್ಕೆ ಬಂದು ಮೂರು ತಿಂಗಳಾಗಿಲ್ಲ. ಬರುವಾಗ ತವರಿನಿಂದ ಕೆನಾಂಗಾ ಅನ್ನುವ ಹಸುವನ್ನೂ ತಂದಳು. ಹಸು ತಂದವಳು ಅಂತ ಅಮ್ಮ ಅವಳಿಗೆ ಮೊದಲು ಬಡಿಸುತ್ತಾರೆ.

ನಾನು ಆರನೇ ಕ್ಲಾಸು ಮುಗಿಸಿದ ವಾರವೇ ಕುಡುಗೋಲು ಹಿಡಿದೆ. ಒಂಬತ್ತು ವರ್ಷ ಈ ಮನೆಗೆ ಹುಲ್ಲು ಕೊಯ್ದಿದ್ದೇನೆ. ನಾನು ಹುಲ್ಲು ಹಾಕುವ ನಮ್ಮ ಹಸು ಮೆನುರ್ ಹುಟ್ಟಿದಾಗ ಅದರ ಮೈ ಒರೆಸಿದ್ದು ನಾನು. ನನ್ನ ಆನೆಹುಲ್ಲಿನಷ್ಟು ಎತ್ತರದ ಹುಲ್ಲು ಈ ಬೆಟ್ಟದ ಮಗ್ಗುಲಲ್ಲಿ ಯಾರ ಹೊಲದಲ್ಲೂ ಇಲ್ಲ. ಒಳಗೆ ಹೊಕ್ಕರೆ ನಾನು ಯಾರಿಗೂ ಕಾಣುವುದಿಲ್ಲ. ನನಗೆ ಅದೇ ಇಷ್ಟ.

ಊಟದ ಹೊತ್ತಲ್ಲಿ ಅಪ್ಪ ಹೇಳಿದರು: "ಬೇಸಿಗೇಲಿ ಎರಡು ಹಸುವಿಗೆ ಆಗೋಷ್ಟು ಹುಲ್ಲು ಈ ಹೊಲದಲ್ಲಿ ಹುಟ್ಟಲ್ಲ. ಉಪವಾಸದ ತಿಂಗಳು ಮುಗಿದು ಲೆಬಾರಾನ್ ಹಬ್ಬ ಆಗ್ಲಿ. ಆಮೇಲೆ ಒಂದನ್ನ ಪಾಹಿಂಗ್ ದಿನದ ದನದ ಸಂತೆಗೆ ಹೊಡೀತೀನಿ. ಯಾವುದರ ಹಾಲು ಕಡಿಮೆಯೋ ಅದು."

"ಆಗ್ಲಿ ಮಾವ," ಅಂದಳು ಅವಳು, ಪರೀಕ್ಷೆಗೆ ಹೆಸರು ಕೊಟ್ಟವಳ ಹಾಗೆ. ನಾನು ತಟ್ಟೆ ನೋಡುತ್ತಾ ಕೂತಿದ್ದೆ.

ಈ ನೋಟುಬುಕ್ಕು ಹಾಲಿನ ಡೈರಿಯವರು ಕೊಟ್ಟದ್ದು. ತಾರೀಕಿನ ಪಕ್ಕ ವಾರವನ್ನೂ, ಐದು ದಿನಕ್ಕೊಮ್ಮೆ ಸುತ್ತಿ ಬರುವ ಸಂತೆಯ ದಿನವನ್ನೂ ಬರೆಯುತ್ತೇನೆ: ಪೋನ್, ವಾಗೆ, ಕ್ಲಿವೊನ್, ಲೆಗಿ, ಪಾಹಿಂಗ್. ಇದರಲ್ಲಿ ಅವಳು ಮಾಡುವ ತಪ್ಪನ್ನೆಲ್ಲ ಬರೆದಿಡುತ್ತೇನೆ. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ.

೬ ಜನವರಿ, ಬುಧವಾರ, ಕ್ಲಿವೊನ್

ಮೊದಲನೇ ತಪ್ಪು. ಹುಲ್ಲು ನನ್ನ ಎದೆಮಟ್ಟಕ್ಕೆ ಬಂದಿತ್ತು ಅಷ್ಟೆ, ಕೊಯ್ದುಬಿಟ್ಟಳು. ಹೊರೆ ನೋಡಿದರೆ ಮದುವಣಗಿತ್ತಿಯ ತುರುಬಿನಷ್ಟಿದೆ.

"ಅತ್ತೆ, ನಲವತ್ತು ದಿನಕ್ಕೇ ಕೊಯ್ಯಬೇಕು. ಸತ್ವ ಇರೋದು ಎಲೇಲಿ. ಬಲಿತರೆ ಬರೀ ನಾರು," ಅಂತ ಅಮ್ಮನಿಗೆ ಪಾಠ ಹೇಳುತ್ತಿದ್ದಳು. ಕೊಯ್ದ ಮೂರನೇ ದಿನ ಎರಡು ಬುಡಕ್ಕೆ ಒಂದು ಹಿಡಿ ಯೂರಿಯಾ, ಸುತ್ತ ಹಾಕಿ ಮಣ್ಣು ಮುಚ್ಚಬೇಕಂತೆ. ಹಾಕಿದ ಮೇಲೆ ಮೂರು ವಾರ ಆ ಹುಲ್ಲನ್ನು ಹಸುವಿಗೆ ತೋರಿಸಲೂ ಬಾರದಂತೆ, ವಿಷವಾಗುತ್ತದಂತೆ.

ನನ್ನ ಹುಲ್ಲು ಇವತ್ತಿನವರೆಗೆ ಯಾವ ಹಸುವನ್ನೂ ಕೊಂದಿಲ್ಲ.

೧೯ ಜನವರಿ, ಮಂಗಳವಾರ, ಪೋನ್

ಕೆನಾಂಗಾ ಒಂಬತ್ತು ಲೀಟರು. ಮೆನುರ್ ಆರು.

ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಪಾಕ್ ಜುಮಾದಿ ಗಟ್ಟಿತನ ಅಳೆಯುವ ಗಾಜಿನ ಕಡ್ಡಿಯನ್ನು ನನ್ನ ಹಾಲಿನಲ್ಲಿ ಬಿಟ್ಟು ಎಲ್ಲರ ಮುಂದೆ ಅಂದರು: "ಏನಮ್ಮಾ ಪೊನಿಯೆಂ, ಹಸುವಿಗೆ ಹುಲ್ಲು ಹಾಕ್ತೀಯೋ ಬಿದಿರು ಹಾಕ್ತೀಯೋ? ಡಿಗ್ರಿ ಮೇಲಕ್ಕೇ ಏಳ್ತಿಲ್ಲವಲ್ಲ."

ಕ್ಯಾನು ಹಿಡಿದು ನಿಂತವರೆಲ್ಲ ನಕ್ಕರು. ಅವಳು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು, ಬರೆದಿಡಬಹುದಿತ್ತು.

ಕೊಟ್ಟಿಗೆಗೆ ಬಂದು ಗೋದಲಿ ನೋಡಿದೆ. ಮೆನುರ್ ಎಲೆ ತಿಂದು ಕಾಂಡವನ್ನೆಲ್ಲ ಬಿಟ್ಟಿದೆ. ನಲವತ್ತು ಕಿಲೋ ಹೊತ್ತು ತಂದಿದ್ದೆ, ತೂಗಿದರೆ ಹದಿನೈದು ಕಿಲೋ ಕಸ. ಕೆನಾಂಗಾನ ಗೋದಲಿಯನ್ನು ಕೈಯಲ್ಲಿ ಸವರಿದೆ, ಒಂದು ಕಡ್ಡಿ ಇಲ್ಲ. ಆ ಹಸು ಹೊಟ್ಟೆಬಾಕ.

೮ ಫೆಬ್ರವರಿ, ಸೋಮವಾರ, ಪೋನ್

ಇವತ್ತು ನನ್ನ ವೆತೊನ್. ನಾನು ಹುಟ್ಟಿದ್ದು ಸೋಮವಾರ ಪೋನ್, ವಾರದ ಏಳು ದಿನ ಮತ್ತು ಸಂತೆಯ ಐದು ದಿನ ಸುತ್ತಿ ಮತ್ತೆ ಅದೇ ಜೋಡಿ ಬರಲು ಮೂವತ್ತೈದು ದಿನ ಬೇಕು. ಅಮ್ಮ ಕೆಂಪು ಬಿಳಿ ಗಂಜಿ ಮಾಡಿದರು. ತಿನ್ನುತ್ತಾ ಕೂತಾಗ ಹೊಳೆಯಿತು: ಮೇಲಿನ ಮೊದಲ ಪಟ್ಟೆಯನ್ನು ಕೊಯ್ದದ್ದು ಕಳೆದ ಸೋಮವಾರ ಪೋನ್. ಹಾಗಾದರೆ ಆ ಹುಲ್ಲಿಗೂ ಇವತ್ತು ವೆತೊನ್.

ಹೋಗಿ ನೋಡಿದೆ. ಎದೆಮಟ್ಟಕ್ಕೆ ಬಂದಿತ್ತು, ಎಲ್ಲ ಎಲೆ. ಕೊಯ್ದೆ. ಒಂದು ಮೂಲೆಯ ಎಂಟು ಬುಡವನ್ನು ಗುರುತಿಟ್ಟು ಬಂದೆ. ಅವುಗಳನ್ನು ಇಪ್ಪತ್ತು ದಿನಕ್ಕೇ ಕೊಯ್ಯುತ್ತೇನೆ. ಎಳೆಯದಾದಷ್ಟೂ ಒಳ್ಳೆಯದು ಅನ್ನುವುದಾದರೆ ಅವಳಿಗಿಂತ ಎಳೆಯದನ್ನು ನಾನು ಹಾಕುತ್ತೇನೆ.

ಇದು ಅವಳನ್ನು ನೋಡಿ ಮಾಡಿದ್ದಲ್ಲ. ಅವಳದು ನಲವತ್ತು, ನನ್ನದು ಮೂವತ್ತೈದು.

ಸಂಜೆ ಅವಳ ಯೂರಿಯಾ ಚೀಲದ ತಳದಲ್ಲಿ ಉಳಿದಿದ್ದನ್ನು ಪೂರ್ತಿ ಬುಟ್ಟಿಗೆ ಸುರಿದುಕೊಂಡೆ. ಗೊಬ್ಬರ ಮನೆಯದು. ಅವಳ ತವರಿನದಲ್ಲ.

೧೦ ಫೆಬ್ರವರಿ, ಬುಧವಾರ, ಕ್ಲಿವೊನ್

ಅವಳು ಶನಿವಾರ ಕೊಯ್ದ ಪಟ್ಟೆಗೆ ಹಾಕಲು ಯೂರಿಯಾ ಹುಡುಕಿದಳು. ಚೀಲವನ್ನು ಕೊಡವಿ ಅಣ್ಣನನ್ನು ಕೇಳಿದಳು: "ಇದು ಇಲಿ ಕೆಲಸಾನಾ?"

"ನಿಮ್ಮ ಕ್ಲಾತೆನ್ ಇಲಿ ಇರ್ಬೇಕು. ಓದಿದ ಇಲಿಗಳು ಗೊಬ್ಬರ ತಿಂತಾವೆ," ಅಂದ ಅಣ್ಣ. ಇಬ್ಬರೂ ಎಷ್ಟೋ ಹೊತ್ತು ನಕ್ಕರು. ಮೊದಲೆಲ್ಲ ಅಣ್ಣ ನನ್ನ ಹತ್ತಿರ ಹೀಗೆ ತಮಾಷೆ ಮಾಡುತ್ತಿದ್ದ.

ಸಹಕಾರ ಸಂಘದಲ್ಲೂ ಯೂರಿಯಾ ಮುಗಿದಿದೆ. ಮುಂದಿನ ತಿಂಗಳು ಬರುತ್ತದಂತೆ.

೧೭ ಫೆಬ್ರವರಿ, ಬುಧವಾರ, ಪಾಹಿಂಗ್

ಮೆನುರ್ ಎಂಟು ಲೀಟರು! ಗೋದಲಿಯಲ್ಲಿ ಒಂದು ಕಡ್ಡಿಯೂ ಇಲ್ಲ. ಮೆನುರ್ ಹೊಟ್ಟೆಬಾಕ ಅಲ್ಲ, ಹಸಿವು ಇರುವ ಹಸು.

ಅವಳು ದಿನ ಗುರುತು ಹಾಕುತ್ತಿದ್ದ ಕ್ಯಾಲೆಂಡರು ಮಳೆಗೆ ನೆನೆದು ಮುದ್ದೆಯಾಯಿತು. ಈಗ ಅವಳೂ ಪಟ್ಟೆಗಳಿಗೆ ಕೊಯ್ದ ದಿನದ ಹೆಸರಿಟ್ಟಿದ್ದಾಳೆ: ಶನಿವಾರ ಲೆಗಿ ಪಟ್ಟೆ, ಗುರುವಾರ ವಾಗೆ ಪಟ್ಟೆ. ನನ್ನಿಂದ ಕದ್ದದ್ದು. ಇವತ್ತು ಸಂಘದ ಅಧಿಕಾರಿ ಹೊಲ ನೋಡಲು ಬಂದರು. ನಾನು ಬಾಳೆಗಿಡದ ಹಿಂದೆ ಹೋದೆ.

"ಇದು ಬಹಳ ಚೆನ್ನಾಗಿದೆ! ಮರೆಯೋ ಹಾಗೇ ಇಲ್ಲ. ಯಾರ ಉಪಾಯ?" ಅಂದರು ಅವರು.

"ನಮ್ಮ ಮನೇಲಿ ಹಿಂಗೇ ಲೆಕ್ಕ ಇಡೋದು ಸಾರ್," ಅಂದಳು ಅವಳು.

ನಮ್ಮ ಮನೇಲಿ! ನಾಲ್ಕು ತಿಂಗಳ ಹಿಂದೆ ಈ ಮನೆಯ ಬಾಗಿಲು ಯಾವ ಕಡೆ ತೆರೆಯುತ್ತದೆ ಅಂತ ಅವಳಿಗೆ ಗೊತ್ತಿರಲಿಲ್ಲ.

೨೪ ಫೆಬ್ರವರಿ, ಬುಧವಾರ, ವಾಗೆ

ಉಪವಾಸದ ಎರಡನೇ ದಿನ. ಬಾಯಾರಿಕೆ. ಅವಳ ಹೊರೆ ನನ್ನದಕ್ಕಿಂತ ದೊಡ್ಡದು.

೨೮ ಫೆಬ್ರವರಿ, ಭಾನುವಾರ, ಪೋನ್

ಗುರುತಿಟ್ಟು, ಗೊಬ್ಬರ ಹಾಕದೆ ಬಿಟ್ಟಿದ್ದ ಎಂಟು ಬುಡವನ್ನು ಇಪ್ಪತ್ತು ದಿನಕ್ಕೆ ಕೊಯ್ದೆ. ಹಿಂಡಿದರೆ ನೀರು, ಹೊಟ್ಟೆ ತುಂಬುವಂಥದ್ದು ಏನೂ ಇಲ್ಲ. ತಿಂದ ಮೆನುರ್ ಮಧ್ಯಾಹ್ನವೆಲ್ಲ ತೆಳ್ಳಗೆ ಸಗಣಿ ಹಾಕಿತು. ಹೀಗೆ ಮೂರು ಸಲ ಕೊಯ್ದರೆ ಬುಡವೇ ಬತ್ತಿಹೋಗುತ್ತದೆ ಅಂತ ಬೇರು ನೋಡಿದರೆ ಗೊತ್ತಾಗುತ್ತದೆ. ಇದು ಅವಳ ಪುಸ್ತಕದಲ್ಲಿ ಇರಲಿಕ್ಕಿಲ್ಲ. ಹೇಳುವುದಿಲ್ಲ.

೫ ಮಾರ್ಚ್, ಶುಕ್ರವಾರ, ಪೋನ್

ಅವಳು ತವರಿಗೆ ಹೋಗಿದ್ದಾಳೆ, ಸೋಮವಾರ ಬರುತ್ತಾಳೆ. ಸಂಘಕ್ಕೆ ಯೂರಿಯಾ ಬಂತು. ಅಣ್ಣ ಚೀಲ ತಂದವನೇ ಅವಳ ಶನಿವಾರ ಲೆಗಿ ಪಟ್ಟೆಗೆ ಹಾಕಿದ. ಒಂದು ತಿಂಗಳು ತಡವಾಯಿತು ಅಂತ ಬುಡಕ್ಕೆ ಎರಡೆರಡು ಹಿಡಿ. ಹೆಂಡತಿ ಬಂದು ಹಸಿರು ನೋಡಿ ಬೆರಗಾಗಲಿ ಅಂತ ಇರಬೇಕು. ನನ್ನ ಪಟ್ಟೆಗೆ ಒಂದು ಕಾಳೂ ಹಾಕಲಿಲ್ಲ. ನಾನು ಕೇಳಲೂ ಇಲ್ಲ.

೧೩ ಮಾರ್ಚ್, ಶನಿವಾರ, ಲೆಗಿ

ಒಂದು ವಾರದಿಂದ ಮೋಡ, ಮಳೆ ಇಲ್ಲ. ಅವಳ ಪಟ್ಟೆ ಕಪ್ಪಗಾಗುವಷ್ಟು ಹಸಿರಾಗಿದೆ.

ಇವತ್ತು ಆ ಪಟ್ಟೆಯ ವೆತೊನ್. ಬೆಳಿಗ್ಗೆ ಬಂದು ಕೊಯ್ದಳು. ಅಣ್ಣ ಹಾಲಿನ ಲಾರಿಯಲ್ಲಿ ಪಟ್ಟಣಕ್ಕೆ ಹೋಗಿದ್ದಾನೆ. ಗೊಬ್ಬರ ಹಾಕಿ ಎಂಟೇ ದಿನ. ಅಣ್ಣ ಅವಳಿಗೆ ಹೇಳಿಲ್ಲ ಅಂತ ಕಾಣುತ್ತದೆ. ನಾನು ಮೇಲಿನ ಪಟ್ಟೆಯಲ್ಲಿ ನಿಂತಿದ್ದೆ.

ಕೇಳಿದ್ದರೆ ಹೇಳುತ್ತಿದ್ದೆ. ಯಾರೂ ನನ್ನನ್ನು ಕೇಳಲಿಲ್ಲ.

೧೪ ಮಾರ್ಚ್, ಭಾನುವಾರ, ಪಾಹಿಂಗ್

ನಿನ್ನೆ ಮಧ್ಯಾಹ್ನ ಕೆನಾಂಗಾ ಬಿದ್ದಿತು.

ಮೊದಲು ಕಾಲು ನಡುಗಿತು. ಆಮೇಲೆ ಕೂತುಬಿಟ್ಟಿತು, ಬಾಯಿ ತೆರೆದು ಏದುಸಿರು. ಅವಳು ಕೂಗಿಕೊಂಡದ್ದು ಕೇಳಿ ನಾನು ಓಡಿದೆ. ತುಟಿ ಎತ್ತಿ ನೋಡಿದರೆ ವಸಡು ಕಾಫಿ ಬಣ್ಣ. ಅವಳು ಹಸುವಿನ ಕತ್ತು ತಬ್ಬಿಕೊಂಡು "ಏನಾಯ್ತು, ಏನಾಯ್ತು ನಿಂಗೆ" ಅಂತ ಕೇಳುತ್ತಲೇ ಇದ್ದಳು. ಇಷ್ಟು ಓದಿದವಳಿಗೆ ಆ ಹೊತ್ತಿನಲ್ಲಿ ಏನೂ ನೆನಪಾಗಲಿಲ್ಲ.

ನಾನು ಗೋದಲಿಯಲ್ಲಿ ಉಳಿದ ಹುಲ್ಲನ್ನೆಲ್ಲ ಬಾಚಿ ಹೊರಗೆ ಎಸೆದೆ. ಆಮೇಲೆ ಓಡಿದೆ. ದನದ ಡಾಕ್ಟರ ಮನೆ ಮೂರು ಕಿಲೋಮೀಟರು. ಅವರ ಬಾಗಿಲಲ್ಲಿ ನಾನು ಇದುವರೆಗೆ ಬಾಯಿ ಬಿಟ್ಟವಳಲ್ಲ, ಅಮ್ಮ ಮಾತಾಡುವಾಗ ಹಿಂದೆ ನಿಲ್ಲುತ್ತಿದ್ದೆ.

"ಏನು ತಿಂತು?"

"ಆನೆಹುಲ್ಲು. ಗೊಬ್ಬರ ಹಾಕಿ ಎಂಟು ದಿನದ್ದು. ಬುಡಕ್ಕೆ ಎರಡು ಹಿಡಿ ಯೂರಿಯಾ. ಹಾಕಿದ ಮೇಲೆ ಮಳೆ ಇಲ್ಲ. ಇಪ್ಪತ್ತು ಕಿಲೋ ಹತ್ತಿರ ತಿಂದಿದೆ."

"ನೀನು ನೋಡ್ದ್ಯಾ?"

"ಎಲ್ಲಾ ನೋಡ್ದೆ."

ಅವರು ಇನ್ನೇನೂ ಕೇಳದೆ ಬೈಕು ತೆಗೆದರು. ನನ್ನನ್ನು ಹಿಂದೆ ಕೂರಿಸಿಕೊಂಡರು. ಕತ್ತಿನ ನರಕ್ಕೆ ನೀಲಿ ಔಷಧಿ ಕೊಟ್ಟರು. ಇನ್ನು ಅರ್ಧ ಗಂಟೆ ತಡವಾಗಿದ್ದರೆ, ಏನು ತಿಂತು ಅಂತ ಗೊತ್ತಿಲ್ಲದೆ ಹೋಗಿದ್ದರೆ, ಕಟುಕನನ್ನೇ ಕರೆಸಬೇಕಿತ್ತು ಅಂದರು. ಸಂಜೆ ಹಸು ಎದ್ದು ನಿಂತು ನೀಲಿ ಮೂತ್ರ ಹೊಯ್ದಿತು. ಉಪವಾಸ ಮುರಿಯುವ ಹೊತ್ತಾದರೂ ಯಾರೂ ನೀರು ಮುಟ್ಟಿರಲಿಲ್ಲ.

ಅಮ್ಮ ನನ್ನ ತಲೆ ಸವರಿ, "ನೀನಿಲ್ದಿದ್ರೆ ಆ ಹಸು ಸಾಯ್ತಿತ್ತು" ಅಂದರು. ವಿನಾರ್ಸಿ ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳ ಕೈ ತಣ್ಣಗಿತ್ತು. ಹಸುವಿಗೆ ನೀರು ತರುತ್ತೇನೆ ಅಂತ ಕೈ ಬಿಡಿಸಿಕೊಂಡು ಹೊರಗೆ ಹೋದೆ.

೨೦ ಮಾರ್ಚ್, ಶನಿವಾರ, ಪೋನ್

ಕೆನಾಂಗಾ ಎರಡು ಲೀಟರು. ಮೆನುರ್ ಒಂಬತ್ತು.

ಅಪ್ಪ ತೀರ್ಮಾನ ಹೇಳಿದರು. ಹಬ್ಬ ಆದ ಮೇಲಿನ ಪಾಹಿಂಗ್ ಸಂತೆಗೆ ಕೆನಾಂಗಾ ಹೋಗುತ್ತದೆ. ವಿನಾರ್ಸಿ ಈ ಸಲ "ಆಗ್ಲಿ ಮಾವ" ಅನ್ನಲಿಲ್ಲ. ಪಾತ್ರೆ ತೊಳೆಯಲು ಎದ್ದುಹೋದಳು.

ಗೆದ್ದೆ. ಸಂತೋಷವಾಗಿದೆ. ಬರೆದಿಡುತ್ತೇನೆ: ಸಂತೋಷವಾಗಿದೆ.

ಅವಳು ಹಸುವಿನ ಹತ್ತಿರವೇ ಕೂತಿರುತ್ತಾಳೆ, ಹಾಗಾಗಿ ಅವಳ ಎರಡು ಪಟ್ಟೆಯನ್ನು ನಾನೇ ಕೊಯ್ದೆ. ಬಲಿತರೆ ಹುಲ್ಲು ಹಾಳು. ಕೊಯ್ದ ದಿನದ ಹೆಸರು ಸಾಲದು ಅಂತ ಈಗ ಪಟ್ಟೆಯ ತುದಿಯಲ್ಲಿ ಗೊಬ್ಬರದ ದಿನಕ್ಕೆ ಬೇರೆ ಬಿದಿರಿನ ಗೂಟ ನೆಡುತ್ತಿದ್ದೇನೆ. ಎಂಟೂ ಪಟ್ಟೆಗೆ ನೆಟ್ಟೆ.

೨೬ ಮಾರ್ಚ್, ಶುಕ್ರವಾರ, ವಾಗೆ

ನಿನ್ನೆ ಲೆಬಾರಾನ್. ಹೊಸ ಬಟ್ಟೆ ಹಾಕಿಕೊಂಡು ಎಲ್ಲರೂ ಹಿರಿಯರ ಮುಂದೆ ಮಂಡಿಯೂರಿ ಕ್ಷಮೆ ಕೇಳಿದೆವು. ವಿನಾರ್ಸಿ ಅಣ್ಣನ ಹೆಂಡತಿ, ಅವಳ ಮುಂದೆಯೂ ನಾನು ಮಂಡಿಯೂರಿದೆ. "ಒಳಗಿನ ತಪ್ಪು ಹೊರಗಿನ ತಪ್ಪು ಎಲ್ಲ ಕ್ಷಮಿಸಿ," ಅಂದೆ. "ನನ್ನದನ್ನೂ ಕ್ಷಮಿಸು," ಅಂದಳು. ಇದೇ ಮಾತನ್ನು ಬೆಳಗಿನಿಂದ ನಲವತ್ತು ಜನಕ್ಕೆ ಹೇಳಿದ್ದೆ. ಪಾಕ್ ಜುಮಾದಿಗೂ ಹೇಳಿದ್ದೆ, ಅವರಿಗೆ ನಾನು ಯಾವ ತಪ್ಪೂ ಮಾಡಿಲ್ಲ. ರಾತ್ರಿ ಮಲಗಿದರೆ ವಿನಾರ್ಸಿಯ ಹತ್ತಿರ ಕ್ಷಮೆ ಕೇಳಿದ ಹಾಗೇ ಅನ್ನಿಸಲಿಲ್ಲ.

ಇವತ್ತು ಅವಳು ಕೆಳಗಿನ ಪಟ್ಟೆಯಲ್ಲಿ ಕೊಯ್ಯುತ್ತಿದ್ದಳು. ಇಳಿದು ಹೋದೆ.

"ಅತ್ತಿಗೆ, ಆ ಪಟ್ಟೆಗೆ ಅಣ್ಣ ಯೂರಿಯಾ ಹಾಕಿದ್ದನ್ನ ನಾನು ನೋಡಿದ್ದೆ. ನೀವು ಕೊಯ್ಯೋವಾಗ ಮೇಲೆ ನಿಂತಿದ್ದೆ."

ಕುಡುಗೋಲು ನಿಲ್ಲಲಿಲ್ಲ. "ಗೊತ್ತು."

"ಗೊತ್ತಾ?"

"ತಲೆ ಎತ್ತಿದಾಗ ಕಾಣಿಸ್ದೆಯಲ್ಲ. ಈ ಹೊಲದಲ್ಲಿ ಒಂದು ಎಲೆ ಅಲ್ಲಾಡಿದ್ರೂ ಪೊನಿಯೆಂಗೆ ಗೊತ್ತಾಗುತ್ತೆ, ಏನಾದ್ರೂ ಎಡವಟ್ಟಿದ್ರೆ ಕೂಗ್ತಾಳೆ ಅಂದ್ಕೊಂಡು ಕೊಯ್ದೆ."

ಕೊಯ್ದ ಹುಲ್ಲಿನ ಪಕ್ಕ ಕೂತೆ. "ಫೆಬ್ರವರಿಲಿ ಚೀಲ ಖಾಲಿ ಮಾಡಿದ್ದೂ ನಾನೇ. ಅದಕ್ಕೇ ನಿಮಗೆ ಗೊಬ್ಬರ ತಡ ಆಯ್ತು."

ಈಗ ಕುಡುಗೋಲು ನಿಂತಿತು.

"ಅದು ಗೊತ್ತಿರ್ಲಿಲ್ಲ. ನಾನು ನಿಜವಾಗ್ಲೂ ಇಲಿ ಅಂತಾನೇ ನಂಬಿದ್ದೆ. ಎರಡು ಬೋನು ಬೇರೆ ಇಟ್ಟೆ." ಕುಡುಗೋಲಿಗೆ ಅಂಟಿದ್ದ ಹುಲ್ಲನ್ನು ಒರೆಸಿದಳು. ಆಮೇಲೆ ಬೇರೆ ದನಿಯಲ್ಲಿ ಅಂದಳು: "ಅದು ನಮ್ಮಪ್ಪ ಕೊಟ್ಟ ಹಸು ಕಣೇ. ಈಗ ಹೋಗು. ನಿನ್ನ ಮುಖ ನೋಡೋಕಾಗ್ತಿಲ್ಲ ನಂಗೆ. ಹೋಗೋವಾಗ ಆ ಹೊರೆ ತಗೊಂಡು ಹೋಗು."

ಹೊರೆ ತಂದೆ.

೩೦ ಮಾರ್ಚ್, ಮಂಗಳವಾರ, ಪೋನ್

ಅತ್ತಿಗೆ ನಾಲ್ಕು ದಿನದಿಂದ ಮಾತಾಡುತ್ತಿಲ್ಲ.

ಇವತ್ತು ಅಪ್ಪ ಜಗಲಿಯ ಮೇಲೆ ಲವಂಗದ ಸಿಗರೇಟು ಸೇದುತ್ತಿದ್ದಾಗ ಎದುರಿಗೆ ನಿಂತೆ. ಈ ನೋಟುಬುಕ್ಕನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದೆ, ಮರೆತರೆ ನೋಡಲು.

"ಅಪ್ಪ, ಮೆನುರ್‌ನ ಮಾರಿ."

"ಏನಂದೆ?"

"ಈಗ ಕೆನಾಂಗಾನ ಹೊಡೆದ್ರೆ ಮಾಂಸದ ಬೆಲೆ ಸಿಗುತ್ತೆ ಅಷ್ಟೆ. ಇಪ್ಪತ್ತನೇ ತಾರೀಕು ಎರಡು ಲೀಟರಿತ್ತು, ನಿನ್ನೆ ನಾಲ್ಕು ಆಗಿದೆ. ಎಲೆ ಇರೋ ಹುಲ್ಲು ಹಾಕಿದ್ರೆ ಮೊದಲಿನ ಹಾಗೆ ಆಗುತ್ತೆ, ಅದಕ್ಕೆ ಒಳ್ಳೇ ಮೈಯಿದೆ. ಮೆನುರ್‌ಗೆ ಈಗ ಒಳ್ಳೇ ಬೆಲೆ ಬರುತ್ತೆ." ಉಸಿರು ತೆಗೆದುಕೊಂಡೆ. "ಮತ್ತೆ, ಕೆನಾಂಗಾ ಬಿದ್ದಿದ್ದು ಅತ್ತಿಗೆ ತಪ್ಪಲ್ಲ. ಆ ಹುಲ್ಲು ವಿಷ ಅಂತ ನಂಗೆ ಗೊತ್ತಿತ್ತು. ಹೇಳ್ಲಿಲ್ಲ."

ಅಪ್ಪ ಸಿಗರೇಟು ಆರುವವರೆಗೆ ನನ್ನನ್ನೇ ನೋಡಿದರು. ಬಯ್ಯಲಿಲ್ಲ. ಬಯ್ದಿದ್ದರೆ ವಾಸಿಯಿತ್ತು.

"ಸಂತೆಗೆ ನಿನ್ನ ಹಸುನ ನೀನೇ ಹೊಡ್ಕೊಂಡು ಬಾ," ಅಂದರು. "ನಾನು ಹಗ್ಗ ಮುಟ್ಟಲ್ಲ."

೩ ಏಪ್ರಿಲ್, ಶನಿವಾರ, ಪಾಹಿಂಗ್

ದನದ ಸಂತೆಯಲ್ಲಿ ಗಂಡಸರೇ ಗಂಡಸರು. ಮೊದಲಾಗಿದ್ದರೆ ಹಸುವಿನ ಹೊಟ್ಟೆಯ ಕೆಳಗೆ ಸೇರಿಕೊಳ್ಳುತ್ತಿದ್ದೆ.

ಮೆನುರ್‌ನ ಕೊಂಡದ್ದು ಬು ಜುವಾರಿಯಾ ಅನ್ನುವ ಸೆಲೊ ಊರಿನ ಕಡೆಯ ಹೆಂಗಸು. ನನಗಿಂತ ಹತ್ತು ವರ್ಷ ದೊಡ್ಡವಳು. ದಲ್ಲಾಳಿಯನ್ನು ಪಕ್ಕಕ್ಕೆ ತಳ್ಳಿ ನೇರ ನನ್ನ ಹತ್ತಿರ ಬಂದು ಕೆಚ್ಚಲು ಮುಟ್ಟಿ ನೋಡಿದಳು. "ಏನು ಹಾಕ್ತೀಯಮ್ಮಾ ಇದಕ್ಕೆ? ಮೈ ಹಿಂಗೆ ಮಿಂಚ್ತಿದೆ!"

ಹೇಳಿದೆ. ಮೂವತ್ತೈದು ದಿನ, ಎದೆಮಟ್ಟ, ಕೊಯ್ದ ಮೂರನೇ ದಿನ ಎರಡು ಬುಡಕ್ಕೆ ಒಂದು ಹಿಡಿ, ಮಣ್ಣು ಮುಚ್ಚಿ, ಗೊಬ್ಬರದ ದಿನಕ್ಕೆ ಬೇರೆ ಗೂಟ, ಮೂರು ವಾರದ ಒಳಗೆ ಸುತರಾಂ ಕೊಯ್ಯಬಾರದು. ಅವಳು ಎರಡು ಸಲ ತಿರುಗಿ ಹೇಳಿಸಿಕೊಂಡಳು. ಅಪ್ಪ ದೂರದಲ್ಲಿ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದರು.

ಮೆನುರ್ ಅವಳ ಹಿಂದೆ ಸುಮ್ಮನೆ ಹೋಯಿತು. ಒಂದು ಸಲವೂ ತಿರುಗಲಿಲ್ಲ. ಆ ಹೆಂಗಸಿನ ಸೆರಗಿನಲ್ಲಿ ಬೆಲ್ಲ ಇತ್ತು ಅಂತ ಕಾಣುತ್ತದೆ.

ಮನೆಗೆ ಬಂದಾಗ ಅತ್ತಿಗೆ ನನ್ನ ತಟ್ಟೆಗೆ ಬಡಿಸಿ ಮುಚ್ಚಿಟ್ಟಿದ್ದರು. ನಾನು ತಿಂದು ಮುಗಿಸುವವರೆಗೆ ಎದುರಿಗೆ ಕೂತು ಬೆಳ್ಳುಳ್ಳಿ ಸುಲಿದರು. ಅಷ್ಟೊಂದು ಬೆಳ್ಳುಳ್ಳಿ ಯಾವ ಅಡುಗೆಗೂ ಬೇಕಿರಲಿಲ್ಲ.

೧೮ ಏಪ್ರಿಲ್, ಭಾನುವಾರ, ಪಾಹಿಂಗ್

ಕೆನಾಂಗಾ ಏಳೂವರೆ ಲೀಟರು.

ಬೆಳಿಗ್ಗೆ ಅತ್ತಿಗೆಗೂ ನನಗೂ ಹೊಲದಲ್ಲಿ ಜೋರು ಜಗಳವಾಯಿತು. ಮಳೆ ನಿಂತ ಮೇಲೆ ಮೂವತ್ತೈದಕ್ಕೆ ಕೊಯ್ದರೆ ಬುಡ ಉಳಿಯುವುದಿಲ್ಲ, ಅರವತ್ತಾದರೂ ಬಿಡಬೇಕು ಅಂತ ನಾನು. ಅಷ್ಟು ಬಿಟ್ಟರೆ ನಾರು, ಬೇಸಿಗೆಗೆ ಐವತ್ತು ಅಂತ ಪುಸ್ತಕದಲ್ಲಿದೆ ಅಂತ ಅವರು. "ನಿಮ್ಮ ಪುಸ್ತಕ ಬರೆದವನು ಈ ಬೆಟ್ಟ ಹತ್ತಿದ್ದಾನಾ?" ಅಂದುಬಿಟ್ಟೆ. "ಹತ್ತಿದ್ರೆ ನೀನು ಅವನಿಗೂ ಇಲಿ ಬಿಡ್ತಿದ್ದೆ," ಅಂದರು. ಕೊನೆಗೆ ಎರಡು ಪಟ್ಟೆ ಅವರ ಲೆಕ್ಕಕ್ಕೆ, ಎರಡು ನನ್ನ ಲೆಕ್ಕಕ್ಕೆ ಬಿಟ್ಟು ನೋಡುವುದು ಅಂತಾಯಿತು. ಯಾವುದು ಮೇಲಿನದು ಯಾವುದು ಕೆಳಗಿನದು ಅಂತ ಈಗ ಲೆಕ್ಕವಿಲ್ಲ, ನೆಲ ಎಲ್ಲಿ ಹದವಿದೆಯೋ ಅಲ್ಲಿ.

ಡೈರಿಯಲ್ಲಿ ಪಾಕ್ ಜುಮಾದಿ ಸುದ್ದಿ ಹೇಳಿದರು. ಸೆಲೊ ಕಡೆಯ ಆ ಜುವಾರಿಯಾ ಹತ್ತಿರ ಮೆನುರ್ ಹನ್ನೊಂದು ಲೀಟರು ಕೊಡುತ್ತಿದೆಯಂತೆ. ಹನ್ನೊಂದು! ನನ್ನ ಕೈಯಲ್ಲಿ ಒಂಬತ್ತು ದಾಟಿರಲಿಲ್ಲ. ಎಲ್ಲವನ್ನೂ ನನ್ನ ಬಾಯಿಂದಲೇ ಹೇಳಿಸಿಕೊಂಡು, ಹನ್ನೊಂದು!

ದಾರಿಯಲ್ಲಿ ನನಗೆ ಅನ್ನವೇ ಬೇಡ ಅನ್ನುವಷ್ಟು ಹೊಟ್ಟೆ ಉರಿಯುತ್ತಿತ್ತು. ಪಕ್ಕದಲ್ಲಿ ನೋಡಿದರೆ ಅತ್ತಿಗೆಯ ಮುಖವೂ ಕೆಂಪಾಗಿತ್ತು.

"ಸುಳ್ಳು," ಅಂದರು. "ನಮ್ಮ ಹುಲ್ಲಿಗಿಂತ ಅವಳ ಹುಲ್ಲು ಚೆನ್ನಾಗಿರೋಕೆ ಸಾಧ್ಯಾನೇ ಇಲ್ಲ."

"ಅವಳು ಬೇರೆ ಏನೋ ಹಾಕ್ತಿದ್ದಾಳೆ."

"ನೋಡ್ಕೊಂಡೇ ಬರೋಣ."

ನಾಳೆ ಬೆಳಿಗ್ಗೆ ಹಾಲು ಹಾಕಿ ಇಬ್ಬರೂ ಸೆಲೊಗೆ ಹೊರಡುತ್ತೇವೆ. ಹುಲ್ಲಿನ ಎತ್ತರ ಅಳೆಯಲು ಅತ್ತಿಗೆ ಗಂಟು ಹಾಕಿದ ದಾರ ಇಟ್ಟುಕೊಂಡಿದ್ದಾರೆ, ನಾನು ಕುಡುಗೋಲು ಮಸೆದಿದ್ದೇನೆ. "ಯಾರದೋ ಮನೆ ನೋಡೋಕೆ ಹೋಗೋವಾಗ ಕುಡುಗೋಲು ಯಾಕೆ?" ಅಂತ ಅಮ್ಮ ಕೇಳಿದರು.

ಒಂದು ಬುಡವಾದರೂ ಕೊಯ್ದು ತರಬೇಡವೇ?